ವೈಟ್‌ಫೀಲ್ಡಾ, ಸರ್ಜಾಪುರ ರೋಡಾ? ಮೊದಲು ಕೋಡಿ ಎಲ್ಲಿ ಬೀಳ್ತೈತಿ ಹೇಳ್ರಿ

ಬೆಂಗಳೂರಿನ ಯಾವ ಆಫೀಸಿನಲ್ಲೇ ಆಗಲಿ, ಮೂವತ್ತು ದಾಟಿದ ಮೂರು ಜನ ಊಟಕ್ಕೆ ಒಟ್ಟಿಗೆ ಕೂತರೆ ಈ ಪ್ರಶ್ನೆ ಬಂದೇ ಬರುತ್ತದೆ: ವೈಟ್‌ಫೀಲ್ಡಾ, ಸರ್ಜಾಪುರ ರೋಡಾ? ಹಿಂದೆಯೇ ಎಕ್ಸೆಲ್ ಶೀಟು ತೆರೆದುಕೊಳ್ಳುತ್ತದೆ. ಚದರಡಿ ದರ, ಶಾಲೆ, ಕ್ಲಬ್‌ಹೌಸು, ಈಜುಕೊಳ, ಐದು ವರ್ಷಕ್ಕೆ ರೇಟು ಎಷ್ಟು ಏರುತ್ತೆ, ಎಲ್ಲದಕ್ಕೂ ಒಂದೊಂದು ಕಾಲಂ ಇರುತ್ತದೆ. ನೀರಿಗೆ ಮಾತ್ರ ಇರುವುದಿಲ್ಲ. ಅದು ಎಲ್ಲಿಂದ ಬರುತ್ತದೆ, ಬಳಸಿದ ಮೇಲೆ ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಕೇಳುವುದಿಲ್ಲ. ನನ್ನ ತಕರಾರು ಇಷ್ಟೇ: ಆ ಒಂದು ಕಾಲಂ ತುಂಬಿ ನೋಡಿ, ನೀವು ಹೋಲಿಸುತ್ತಿರುವುದು ಎರಡು ಊರುಗಳನ್ನಲ್ಲ, ಒಂದೇ ಕಣಿವೆಯ ಎರಡು ದಂಡೆಗಳನ್ನು.

ನನ್ನದು ಮಾಸೂರು. ಕುಮುದ್ವತಿ ನದಿಗೆ ವಿಜಯನಗರದ ಕಾಲದಲ್ಲಿ ಒಡ್ಡು ಹಾಕಿ ಕಟ್ಟಿದ ಮದಗದ ಕೆರೆ ನಮ್ಮ ಊರಿನ ಹೆಸರಿಗೇ ಅಂಟಿಕೊಂಡಿದೆ. ಆ ಮೂಲ ಕೆರೆ ಯಾವತ್ತೋ ಒಡೆದುಹೋಯಿತು, ಈಗ ಇರುವುದು ಅದರ ಒಂದು ತುಣುಕು. ಅದಕ್ಕೇ ನಮ್ಮ ಕಡೆ ಹೊಲ ಕೊಳ್ಳುವವರು ರೇಟು ಕೇಳೋಕ್ಕಿಂತ ಮೊದಲು 'ಕೋಡಿ ಯಾವ ಕಡಿ ಬೀಳ್ತೈತ್ರೀ?' ಅಂತ ಕೇಳ್ತಾರೆ. ಇದಕ್ಕೆ ಎಂಬಿಎ ಬೇಕಿಲ್ಲ. ನೀರು ಇಳಿಜಾರಿಗೆ ಹರಿಯುತ್ತದೆ ಅನ್ನೋದು ಗೊತ್ತಿದ್ದರೆ ಸಾಕು.

ಈ ಲೆಕ್ಕ ಬೆಂಗಳೂರಿಗೆ ಹಾಕಿ. ಸರ್ಜಾಪುರ ರಸ್ತೆಯ ನಗರದ ಕಡೆಯ ಭಾಗದ ನೀರು ಬೆಳ್ಳಂದೂರು ಕೆರೆಯ ದಿಕ್ಕಿಗೆ ಇಳಿಯುತ್ತದೆ. ಬೆಳ್ಳಂದೂರು ಕೆರೆ ತುಂಬಿದರೆ ವರ್ತೂರು ಕೆರೆಗೆ. ವರ್ತೂರು ವೈಟ್‌ಫೀಲ್ಡಿನ ಪಕ್ಕದ ಮನೆ. ಅಲ್ಲಿಂದ ದಕ್ಷಿಣ ಪಿನಾಕಿನಿ ಹಿಡಿದು ತಮಿಳುನಾಡಿಗೆ. ಅಂದರೆ ಸರ್ಜಾಪುರ ರೋಡಿನ ಸ್ನಾನದ ನೀರೇ ವೈಟ್‌ಫೀಲ್ಡಿನ ಸೊಳ್ಳೆ ಮತ್ತು ವಾಸನೆ. 2015ರಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿ ಬಿತ್ತು, 2017ರಲ್ಲಿ ಮತ್ತೆ ಬಿತ್ತು. ನೀರಿಗೆ ಬೆಂಕಿ ಬೀಳೋದನ್ನ ಲೋಕವೆಲ್ಲ ಟೀವಿಯಲ್ಲಿ ನೋಡಿತು. ವರ್ತೂರಿನ ರಸ್ತೆ ಮೇಲೆ ನೊರೆ ಹಾರಾಡಿತು. ಫ್ಲ್ಯಾಟುಗಳ ಬ್ರೋಷರಿನಲ್ಲಿ ಮಾತ್ರ ಅದು ಇವತ್ತಿಗೂ 'ಲೇಕ್ ವ್ಯೂ'.

'ಮೆಟ್ರೋ ಇದೆಯಲ್ಲ' ಅಂತೀರಿ. ಒಪ್ಪಿದೆ, ವ್ಯತ್ಯಾಸ ನಿಜ. 2023ರ ಮಾರ್ಚಿನಲ್ಲಿ ಕೆ.ಆರ್. ಪುರದಿಂದ ವೈಟ್‌ಫೀಲ್ಡಿಗೆ ನೇರಳೆ ಮಾರ್ಗ ಬಂತು, ಅಕ್ಟೋಬರಿನಲ್ಲಿ ಮಧ್ಯದ ತುಂಡೂ ಸೇರಿ ಮೆಜೆಸ್ಟಿಕ್ಕಿಗೆ ನೇರ ರೈಲಾಯಿತು. ಸರ್ಜಾಪುರದ ಮೆಟ್ರೋ ಇನ್ನೂ ಕಾಗದದ ಮೇಲೆ ಓಡುತ್ತಿದೆ. ಆದರೆ ರೈಲು ನಿಮ್ಮನ್ನು ಆಫೀಸಿಗೆ ಮುಟ್ಟಿಸುತ್ತದೆಯೇ ಹೊರತು ನಿಮ್ಮ ಸಂಪಿಗೆ ನೀರು ಮುಟ್ಟಿಸುವುದಿಲ್ಲ.

'ಗೇಟೆಡ್ ಕಮ್ಯುನಿಟಿ, ನಮ್ಮದೇ ಎಸ್‌ಟಿಪಿ, ನಮ್ಮದೇ ಬೋರು' ಅನ್ನೋದು ಎರಡನೇ ವಾದ. ಈ ವಾದಕ್ಕೆ 2022ರ ಸೆಪ್ಟೆಂಬರ್ ಉತ್ತರ ಕೊಟ್ಟಾಗಿದೆ. ಸರ್ಜಾಪುರ ರಸ್ತೆಯ ರೇನ್‌ಬೋ ಡ್ರೈವ್ ಬಡಾವಣೆಯಿಂದ ಜನ ಟ್ರಾಕ್ಟರ್ ಹತ್ತಿ ಆಚೆ ಬಂದರು, ಯಮಲೂರಿನ ಕೋಟಿಗಟ್ಟಲೆ ಬೆಲೆಯ ವಿಲ್ಲಾಗಳಲ್ಲಿ ಕಾರುಗಳು ಮುಳುಗಿದವು. ನೀರು ಗೇಟಿನಲ್ಲಿ ಸೆಕ್ಯೂರಿಟಿಯವರ ರಿಜಿಸ್ಟರಿಗೆ ಸಹಿ ಹಾಕಿ ಬರುವುದಿಲ್ಲ. ಸರಿ, ಒಂದೂವರೆ ವರ್ಷ ಕಳೆಯಿತು, 2024ರ ಮಾರ್ಚ್. ಅದೇ ಪೂರ್ವ ಬೆಂಗಳೂರಿನಲ್ಲಿ ಬೋರು ಬತ್ತಿ, ಕುಡಿಯೋ ನೀರಲ್ಲಿ ಕಾರು ತೊಳೆದರೆ ಐದು ಸಾವಿರ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿತು. ಒಂದು ವರ್ಷ ಮುಳುಗುವ, ಮತ್ತೊಂದು ವರ್ಷ ಒಣಗುವ ಜಾಗಕ್ಕೆ ಇಪ್ಪತ್ತು ವರ್ಷದ ಸಾಲ ಮಾಡೋ ಮುಂಚೆ ಕ್ಲಬ್‌ಹೌಸಿನ ಟೈಲ್ಸು ನೋಡ್ತೀರಲ್ಲ, ಇದಕ್ಕೆ ಏನನ್ನೋಣ?

'ಈಗ ಕಾವೇರಿ ಬಂತಲ್ಲ' ಅನ್ನೋದು ಮೂರನೆಯದು. ಹೌದು, 2024ರ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಶುರುವಾಯಿತು: ದಿನಕ್ಕೆ 775 ದಶಲಕ್ಷ ಲೀಟರ್, 2007ರಲ್ಲಿ ನಗರಕ್ಕೆ ಸೇರಿಸಿದ 110 ಹಳ್ಳಿಗಳಿಗಾಗಿ. ಹದಿನೇಳು ವರ್ಷ ಕಾಯಿಸಿ ಬಂದ ನೀರು. ಆದರೆ ಸರ್ಜಾಪುರ ರೋಡು ಅಂತ ಮಾರುವ ಎಲ್ಲವೂ ಈ ಪಟ್ಟಿಯಲ್ಲಿಲ್ಲ. ಆನೇಕಲ್ ತಾಲ್ಲೂಕಿನ ದೊಮ್ಮಸಂದ್ರ, ಸರ್ಜಾಪುರ ಆಚೆಗೇ ಉಳಿದಿವೆ. ರಸ್ತೆಯ ಹೆಸರು ಒಂದೇ, ನಲ್ಲಿಯ ಹಣೆಬರಹ ಬೇರೆ. ಸೇಲ್ಸ್ ಹುಡುಗ ಇದನ್ನ ತಾನಾಗಿ ಹೇಳಲ್ಲ.

ಹಾಗಂತ ಮನೆ ಕೊಳ್ಳಬೇಡಿ, ಊರಿಗೆ ವಾಪಸ್ ಹೋಗಿ ಅನ್ನೋ ಉಪದೇಶ ನನ್ನದಲ್ಲ. ಮಾಸೂರಲ್ಲಿ ನಿಮಗೆ ಕೆಲಸ ಕೊಡೋ ಕಂಪನಿ ಇಲ್ಲ. ಕೊಳ್ಳಿ, ಆದರೆ ಬಿಲ್ಡರನ ಹೆಸರು ನೋಡೋ ಮುಂಚೆ ಸರ್ವೆ ನಂಬರು ನೋಡಿ. ಸರ್ಕಾರದ್ದೇ ದಿಶಾಂಕ್ ಆ್ಯಪ್ ಇದೆ, ಗ್ರಾಮನಕ್ಷೆ ಇದೆ, ರಾಜಕಾಲುವೆ ಎಲ್ಲಿ ಹಾದಿದೆ ನೋಡಿ. ಕಾವೇರಿ ಸಂಪರ್ಕದ ಕಾಗದ ಕೇಳಿ, ಸ್ವಾಧೀನ ಪತ್ರ ಕೇಳಿ. ಬೇಸಿಗೆಯಲ್ಲಿ ಆ ಗೇಟಿನ ಮುಂದೆ ಅರ್ಧ ದಿನ ನಿಂತು ಟ್ಯಾಂಕರ್ ಎಣಿಸಿ.

ಇನ್ನೂ ಒಂದು ಮಾತು, ಇದೇ ನನಗೆ ಮುಖ್ಯ. ಬೆಳ್ಳಂದೂರು, ವರ್ತೂರು, ವೈಟ್‌ಫೀಲ್ಡ್ ಮೂರೂ ಬರುವುದು ಒಂದೇ ಮಹದೇವಪುರ ವಿಧಾನಸಭಾ ಕ್ಷೇತ್ರದಲ್ಲಿ. ಕೆರೆಯ ಸರಣಿ ಒಂದೇ, ಶಾಸಕರ ಕುರ್ಚಿಯೂ ಒಂದೇ. ಬಿಬಿಎಂಪಿ ಕೌನ್ಸಿಲಿನ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು, ಆಮೇಲೆ ವರ್ಷಗಟ್ಟಲೆ ಚುನಾವಣೆ ಇಲ್ಲ. ಕಾರ್ಪೊರೇಟರ್ ಇಲ್ಲದೆ ಮುಳುಗಿದೆವು, ಕಾರ್ಪೊರೇಟರ್ ಇಲ್ಲದೆ ಒಣಗಿದೆವು. ಅಷ್ಟಾದರೂ ನಮ್ಮ ಜಗಳ ಎಲ್ಲ ಯಾವ ಕಡೆ ರೇಟು ಜಾಸ್ತಿ ಏರುತ್ತೆ ಅನ್ನೋದರ ಮೇಲೇ. ಮೆಂಟೇನೆನ್ಸ್ ಬಿಲ್ಲು ನೂರು ರೂಪಾಯಿ ಏರಿದರೆ ಅಸೋಸಿಯೇಷನ್ ಸಭೆಯಲ್ಲಿ ಮೈಕು ಕಿತ್ತುಕೊಳ್ಳುವ ನಾವು, ವೋಟರ್ ಐಡಿಯನ್ನು ಊರಿನ ವಿಳಾಸದಲ್ಲೇ ಬಿಟ್ಟು ಮತದಾನದ ದಿನ ಕೂರ್ಗಿಗೆ ಹೋಗುತ್ತೇವೆ.

ಹಾಗಾಗಿ ವೈಟ್‌ಫೀಲ್ಡಾ, ಸರ್ಜಾಪುರ ರೋಡಾ ಅಂತ ನನ್ನ ಕೇಳಬೇಡಿ. ಎಲ್ಲಿ ಕೊಂಡರೂ ವೋಟು ಅಲ್ಲಿಗೇ ವರ್ಗ ಮಾಡಿಸ್ತೀರಾ, ಮೇಲಿನ ಕೆರೆಯವರೂ ಕೆಳಗಿನ ಕೆರೆಯವರೂ ಒಂದು ಸಭೆಯಲ್ಲಿ ಕೂರ್ತೀರಾ, ಅಷ್ಟು ಹೇಳಿ. ಅದಿಲ್ಲ ಅಂದರೆ ನೀವು ಕೊಳ್ಳುತ್ತಿರೋದು ಮನೆ ಅಲ್ಲ, ದುಬಾರಿ ಟ್ಯಾಂಕರ್ ಸಂಪರ್ಕ.