ಬಚ್ಚಲಿನ ಚೆಲುವು ಬೇಲಿಯಲ್ಲಿದೆ

ದೀಪಾವಳಿಯ ನೀರು ತುಂಬುವ ಹಬ್ಬದಂದು ನಮ್ಮ ಕಡೆಯ ಮನೆಗಳಲ್ಲಿ ದೇವರ ಕೋಣೆಗಿಂತ ಮೊದಲು ಬಚ್ಚಲು ಸಿಂಗಾರಗೊಳ್ಳುತ್ತದೆ. ಹುಣಸೆಹಣ್ಣು ಹಚ್ಚಿ ಬೆಳಗಿದ ಹಂಡೆಗೆ ಸುಣ್ಣ-ಕೆಮ್ಮಣ್ಣಿನ ಪಟ್ಟೆ ಬಳಿದು, ಕೊರಳಿಗೆ ಹಿಂಡಲಕಾಯಿ ಬಳ್ಳಿ ಸುತ್ತಿ, ಹೊಸ ನೀರು ತುಂಬಿ ಪೂಜಿಸುವ ಪದ್ಧತಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಹಳ್ಳಿಗಾಡಿನಲ್ಲಿ ಇನ್ನೂ ಉಳಿದಿದೆ. ಹಣ ಖರ್ಚಿಲ್ಲದ ಈ ಅಲಂಕಾರದ ಹಿಂದೆ ಒಂದು ದೊಡ್ಡ ಮಾತಿದೆ: ಮೈ ತೊಳೆಯುವ ಜಾಗವೂ ಮನೆಯ ಗೌರವದ ಭಾಗವೇ ಆಗಿದೆ.

ಈ ಮಾತನ್ನು ನಾವು ವರ್ಷಕ್ಕೊಮ್ಮೆ ನೆನೆದು ಉಳಿದ ದಿನ ಮರೆಯುತ್ತಿದ್ದೇವೆ. 2014ರಲ್ಲಿ ಆರಂಭವಾದ ಸ್ವಚ್ಛ ಭಾರತ ಯೋಜನೆಯಡಿ ಶೌಚಾಲಯಕ್ಕೆ 12,000 ರೂಪಾಯಿ ಪ್ರೋತ್ಸಾಹಧನ ದೊರೆಯಿತು. ಅದಕ್ಕೆ ಕೈಯಿಂದ ಒಂದಿಷ್ಟು ಸೇರಿಸಿ ಸ್ನಾನದ ಮೂಲೆಯನ್ನೂ ಕಟ್ಟಿಕೊಂಡವರಿದ್ದಾರೆ. ಆದರೆ ಬೆಳಕಿಲ್ಲದ, ಬೋಳು ಸಿಮೆಂಟಿನ ಆ ಪುಟ್ಟ ಕೋಣೆಯನ್ನು ಮನಸ್ಸು ತನ್ನದೆಂದು ಒಪ್ಪಲಿಲ್ಲ. ಕಟ್ಟಿಗೆ, ಕುಳ್ಳು, ಮೆಕ್ಕೆಜೋಳದ ದಂಟು ತುಂಬಿದ ಇಂತಹ ಕೋಣೆಗಳನ್ನು ನಾನು ಹಲವು ಊರುಗಳಲ್ಲಿ ಕಂಡಿದ್ದೇನೆ. ಚೆಂದವಿಲ್ಲದ ಜಾಗವನ್ನು ಯಾರೂ ಪ್ರೀತಿಯಿಂದ ತೊಳೆಯುವುದಿಲ್ಲ. ತೊಳೆಯದ ಜಾಗವನ್ನು ಯಾರೂ ಬಳಸುವುದಿಲ್ಲ.

ಈ ಕೊರತೆಯನ್ನು ಈಗ ಸಂತೆಯ ಪ್ಲಾಸ್ಟಿಕ್ ಹೂಬಳ್ಳಿಗಳು ತುಂಬುತ್ತಿವೆ. ಅಲಂಕಾರದ ಥರ್ಮಾಕೋಲ್ 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಕ್ಕೊಳಗಾಗಿದೆ, ಪ್ಲಾಸ್ಟಿಕ್ ಹೂವಿಗೆ ಆ ತಡೆಯಿಲ್ಲ. ಬಣ್ಣ ಮಾಸಿದ ಮೇಲೆ ಅದು ಹೋಗುವುದೆಲ್ಲಿಗೆ? ನಮ್ಮ ಹಳ್ಳಿಗಳಲ್ಲಿ ಬಹುಪಾಲು ಹಂಡೆಯ ಒಲೆಗೆ. ಇಂತಹ ಹಲವು ಹೂ-ಎಲೆಗಳಲ್ಲಿರುವ ಪಿವಿಸಿ ಸುಟ್ಟಾಗ ಹೈಡ್ರೋಜನ್ ಕ್ಲೋರೈಡ್ ಅನಿಲವೂ ಡಯಾಕ್ಸಿನ್ ಎಂಬ ವಿಷವೂ ಹೊರಬೀಳುತ್ತವೆ. ಆ ಹೊಗೆಯ ಮೊದಲ ಪಾಲು ಒಲೆಯ ಮುಂದೆ ಕುಳಿತ ತಾಯಿಗೆ, ಎರಡನೆಯದು ಮೈ ತೊಳೆಯಲು ಬಂದ ಮಗುವಿಗೆ.

ಹಾಗಾದರೆ ಅಗ್ಗದ ಅಲಂಕಾರ ಯಾವುದು? ಮೊದಲನೆಯದು ಸುಣ್ಣ. ರಾತ್ರಿಯೆಲ್ಲ ನೆನೆಸಿ, ಬಟ್ಟೆಯಲ್ಲಿ ಸೋಸಿ, ತೆಳ್ಳಗೆ ಎರಡು ಸಲ ಬಳಿದ ಸುಣ್ಣವು ಗಾಳಿಯ ಇಂಗಾಲದ ಡೈ ಆಕ್ಸೈಡನ್ನು ಹೀರಿ ಮತ್ತೆ ಕಲ್ಲಾಗುತ್ತದೆ. ಅದರ ಪ್ರಬಲ ಕ್ಷಾರಗುಣದಿಂದ ಹೊಸದಾಗಿ ಬಳಿದ ಗೋಡೆಯ ಮೇಲೆ ಬೂಸ್ಟು ಸುಲಭವಾಗಿ ಬೆಳೆಯಲಾರದು. ಕತ್ತಲೆಯ ಕೋಣೆಗೆ ಬಿಳುಪೇ ಅರ್ಧ ಬೆಳಕು. ಬಳಿಯುವಾಗ ಕಣ್ಣು-ಕೈಗಳಿಗೆ ತಾಗದಂತೆ ಎಚ್ಚರ ಅಗತ್ಯ. ಎಣ್ಣೆ ಬಣ್ಣದ ಗೋಡೆಗೆ ಮಾತ್ರ ಸುಣ್ಣ ಹಿಡಿಯದು. ನೀರು ಸಿಡಿಯದ ಮೇಲ್ಭಾಗದಲ್ಲಿ, ತುಸು ಜಾಲಿಯ ಅಂಟು ಬೆರೆಸಿದ ಕೆಮ್ಮಣ್ಣಿನಿಂದ ಹಸೆಯ ಚಿತ್ತಾರ ಬರೆಯಬಹುದು. ಒಡೆದ ಟೈಲ್ಸ್ ಚೂರುಗಳನ್ನು ಹಸಿ ಸಿಮೆಂಟಿನಲ್ಲಿ ಗೋಡೆಯ ನಡುಮಟ್ಟಕ್ಕೆ ಒತ್ತಿದರೆ ಶಾಶ್ವತವಾದ ಅಂಚು ಮೂಡುತ್ತದೆ. ಕಾಲಿಗೆ ಚುಚ್ಚುವುದರಿಂದ ನೆಲಕ್ಕೆ ಬೇಡ. ಪುಂಡಿ ನಾರಿನ ಹಗ್ಗದಲ್ಲಿ ತೂಗಿಬಿಟ್ಟ ಒಣ ತುಪ್ಪದ ಹೀರೆಕಾಯಿ ನೋಟಕ್ಕೆ ತೋರಣ, ಕೆಲಸಕ್ಕೆ ಮೈಯುಜ್ಜುವ ನಾರು.

ಬಾಗಿಲಿನ ಪರದೆಗೆ ಹಳೆಯ ಸೀರೆಯ ಕೌದಿ ಸಾಕು. ನಮ್ಮ ತಾಂಡಾಗಳ ಹೆಣ್ಣುಮಕ್ಕಳ ಕೈಯಲ್ಲಿ ಕನ್ನಡಿ-ಕವಡೆಗಳ ಕಸೂತಿಯೇ ಇದೆ. 2023ರ ಜುಲೈನಲ್ಲಿ ಹಂಪಿಯ ಜಿ-20 ಸಭೆಯ ಸಂದರ್ಭದಲ್ಲಿ ಸಂಡೂರಿನ ಲಂಬಾಣಿ ಮಹಿಳೆಯರು ಕಸೂತಿಯ 1,755 ತುಣುಕುಗಳನ್ನು ಪ್ರದರ್ಶಿಸಿ ಗಿನ್ನೆಸ್ ದಾಖಲೆ ಬರೆದರು. ಜಗತ್ತು ಮೆಚ್ಚಿದ ಕೈಗಳು ನೆರೆಯಲ್ಲಿರುವಾಗ ಪ್ಲಾಸ್ಟಿಕ್ ಪರದೆಗೆ ಹಣ ಕೊಡುವುದು ವಿವೇಕವೆನಿಸದು. ಆ ಕಸೂತಿಯನ್ನು ಬಿಟ್ಟಿಯಾಗಿ ಕೇಳುವುದೂ ಸಲ್ಲದು.

ಇಲ್ಲಿ ಒಂದು ಆಕ್ಷೇಪವನ್ನು ಕಡೆಗಣಿಸಲಾಗದು. ಕೂಲಿಗೆ ಹೋಗಿ ಬಂದು ಅಡುಗೆ ಮಾಡುವ ಹೆಣ್ಣುಮಗಳ ಮೇಲೆ ಈ ಕೆಲಸವನ್ನೂ ಹೊರಿಸಬೇಕೆ? ಹೊರಿಸಿದರೆ ಹತ್ತು ರೂಪಾಯಿಯ ಪ್ಲಾಸ್ಟಿಕ್ ಹೂವೇ ಅವಳಿಗೆ ಮೇಲು. ಆದ್ದರಿಂದ ಸುಣ್ಣ ಬಳಿಯುವ ಕೈ ಗಂಡಸಿನದಾಗಲಿ, ಚಿತ್ತಾರ ಬರೆಯುವ ಕೈ ಶಾಲೆಯ ಮಕ್ಕಳದಾಗಲಿ. ಬಚ್ಚಲನ್ನು ಬಳಸುವವರೆಲ್ಲರೂ ಅದಕ್ಕೆ ದುಡಿಯಬೇಕು.

ಕೃಷಿ ವಿಜ್ಞಾನಿಯಾಗಿ ನನ್ನ ಆತಂಕ ಗೋಡೆಯಿಂದಾಚೆಗೂ ಇದೆ. ಹಿಂಡಲಕಾಯಿಯು ಕುಂಬಳದ ಕುಲಕ್ಕೆ ಸೇರಿದ, ಯಾರೂ ಬಿತ್ತದೆ ಬೇಲಿಯಲ್ಲಿ ಹಬ್ಬುವ ಬಳ್ಳಿ. ಬಾಣಂತಿಯ ನೀರಿಗೆ ಹಾಕುವ ಲಕ್ಕಿ ಸೊಪ್ಪಿನ ನೆಲೆಯೂ ಬೇಲಿ, ಹಳ್ಳದ ದಂಡೆಗಳೇ. ಜೆಸಿಬಿ ಬಂದು ಬದುಗಳನ್ನು ಕಿತ್ತು, ತಂತಿ ನಿಲ್ಲಿಸಿ, ಉಳಿದದ್ದಕ್ಕೆ ಕಳೆನಾಶಕ ಸಿಂಪಡಿಸಿದ ಹೊಲಗಳಲ್ಲಿ ಈ ಗಿಡಬಳ್ಳಿಗಳಿಗೆ ತಾವಿಲ್ಲ. ಬೆಳೆಯ ಕೀಟಗಳನ್ನು ತಿನ್ನುವ ಜೇಡ, ಕಣಜ, ಓತಿಕೇತ, ಹಕ್ಕಿಗಳಿಗೂ ತಾವಿಲ್ಲ. ಬೇಲಿಯನ್ನು ಉಳಿಸಿರೆಂದು ನಾವು ಎಷ್ಟೇ ಭಾಷಣ ಮಾಡಿದರೂ, ಬಳ್ಳಿಯ ಅಗತ್ಯವಿರುವ ಮನೆಯವರು ಮಾತ್ರ ಅದನ್ನು ನಿಜವಾಗಿ ಕಾಯುತ್ತಾರೆ. ಹಂಡೆಗೆ ಪ್ಲಾಸ್ಟಿಕ್ ಬಳ್ಳಿ ಸುತ್ತಿದ ದಿನ ಬೇಲಿಗೆ ಇದ್ದ ಒಬ್ಬ ಕಾವಲುಗಾರ ಕಡಿಮೆಯಾಗುತ್ತಾನೆ.

ಆದ್ದರಿಂದ ವಿದ್ಯಾರ್ಥಿ ಮಿತ್ರರಲ್ಲಿ ನನ್ನ ವಿನಂತಿ ಇಷ್ಟೇ. ಈ ಸಲ ದೀಪಾವಳಿಗೆ ಮುನ್ನ ನಿಮ್ಮ ಊರಿನ ಬೇಲಿಗಳನ್ನು ಸುತ್ತಿ ಹಿಂಡಲಕಾಯಿ ಎಲ್ಲೆಲ್ಲಿ ಉಳಿದಿದೆ ಎಂದು ಬರೆದಿಡಿ. ಹಬ್ಬಕ್ಕೆ ಬೇಕಾದಷ್ಟನ್ನೇ ಕೊಯ್ದು ಕೆಲವು ಕಾಯಿಗಳನ್ನು ಬಳ್ಳಿಯಲ್ಲೇ ಹಣ್ಣಾಗಲು ಬಿಡಿ. ಆ ಬೀಜ ಒಣಗಿಸಿಟ್ಟು ಮುಂಗಾರಿಗೆ ಬದುವಿನಲ್ಲಿ ಊರಿರಿ.