ನಮ್ಮ ಪಕ್ಷ ಸೋತಾಗ ಮಾತ್ರ ಮೀಡಿಯಾ ಸರಿ ಇಲ್ವಾ?

2024ರ ಜೂನ್ 1ರ ಸಂಜೆ ಲೋಕಸಭೆ ಚುನಾವಣೆಯ ಕೊನೇ ಹಂತದ ಮತದಾನ ಮುಗೀತಿದ್ದಂಗೆ ಚಾನೆಲ್‌ಗಳಲ್ಲಿ ಎಕ್ಸಿಟ್ ಪೋಲ್ ಶುರುವಾಯ್ತು. ಬಹುತೇಕ ಸಮೀಕ್ಷೆಗಳು ಎನ್‌ಡಿಎಗೆ 350ಕ್ಕೂ ಹೆಚ್ಚು ಸೀಟು ಕೊಟ್ಟವು. ಕೆಲವು 400ನ್ನೂ ಮುಟ್ಟಿದವು. ಅದನ್ನು ನಂಬಿ ಸೋಮವಾರ ಸೆನ್ಸೆಕ್ಸ್ ಸುಮಾರು 2,500 ಅಂಕ ಏರಿತು. ಮರುದಿನ ಮತ ಎಣಿಸಿದಾಗ ಎನ್‌ಡಿಎಗೆ ಸಿಕ್ಕಿದ್ದು 293. ಬಿಜೆಪಿಗೆ 240, ಬಹುಮತಕ್ಕೆ 272 ಬೇಕಿತ್ತು. ಸೆನ್ಸೆಕ್ಸ್ ಒಂದೇ ದಿನ 4,000ಕ್ಕೂ ಹೆಚ್ಚು ಅಂಕ ಬಿತ್ತು.

ಲ್ಯಾಬ್‌ನಲ್ಲಿ ರೀಡಿಂಗ್ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಬಂದ್ರೆ ಸರಾಸರಿ ತೆಗೀತೀವಿ. ಎಲ್ಲ ರೀಡಿಂಗೂ ಒಂದೇ ಕಡೆಗೆ ತಪ್ಪಿದ್ರೆ ಸರಾಸರಿಯಿಂದ ಏನೂ ಪ್ರಯೋಜನ ಇಲ್ಲ, ಉಪಕರಣವನ್ನೇ ಪರೀಕ್ಷಿಸಬೇಕು. ಚಾನೆಲ್‌ಗಳು ಹತ್ತಾರು ಸಮೀಕ್ಷೆ ಸೇರಿಸಿ ತೋರಿಸಿದ 'ಪೋಲ್ ಆಫ್ ಪೋಲ್ಸ್' ಕೂಡ ಅದಕ್ಕೇ ತಪ್ಪಾಯ್ತು.

ಹಾಗಾದ್ರೆ ಇದೆಲ್ಲ ಬಿಜೆಪಿ ಪರ ಪಿತೂರಿನಾ? ಅದೇ ವರ್ಷ ಅಕ್ಟೋಬರ್‌ನಲ್ಲಿ ಹರಿಯಾಣದಲ್ಲಿ ಎಕ್ಸಿಟ್ ಪೋಲ್‌ಗಳು ಕಾಂಗ್ರೆಸ್ ಗೆಲ್ಲುತ್ತೆ ಅಂದವು. 90ರಲ್ಲಿ 48 ಸೀಟು ಗೆದ್ದಿದ್ದು ಬಿಜೆಪಿ. ಮತದಾರ ನಿಜ ಹೇಳದೇ ಇರಬಹುದು, ಮತಗಳ ಶೇಕಡಾವಾರನ್ನು ಸೀಟಿನ ಲೆಕ್ಕಕ್ಕೆ ತರೋದೂ ಸುಲಭ ಅಲ್ಲ. ಲೆಕ್ಕ ತಪ್ಪಿದ ಮಾತ್ರಕ್ಕೆ ಪಕ್ಷಪಾತ ಅನ್ನೋಕಾಗಲ್ಲ.

ನಾವು ಪಕ್ಷಪಾತ ಹುಡುಕಬೇಕಾದ್ದು ಚರ್ಚೆಯಲ್ಲಿ. ಕೆಲಸ ಇಲ್ಲ, ಬೆಲೆ ಏರಿದೆ ಅನ್ನೋ ಪ್ರಶ್ನೆಗೆ ಅಧಿಕಾರದಲ್ಲಿ ಇರೋರು ಉತ್ತರ ಕೊಡಬೇಕು. ಎಷ್ಟೋ ಚರ್ಚೆಗಳಲ್ಲಿ ಬೈಸಿಕೊಳ್ಳೋದು ವಿರೋಧ ಪಕ್ಷದವರು. ಕಾರಣ ತೀರಾ ಗುಟ್ಟೇನಲ್ಲ. ಚಾನೆಲ್ ನಡೆಸೋಕೆ ಜಾಹೀರಾತು ಬೇಕು, ಸರ್ಕಾರ ದೊಡ್ಡ ಜಾಹೀರಾತುದಾರ. ದಿಲ್ಲಿಯಲ್ಲಿ ಬಿಜೆಪಿ ಸರ್ಕಾರ, ಬೆಂಗಳೂರಿನಲ್ಲಿ ಕಾಂಗ್ರೆಸ್ ಸರ್ಕಾರ. ಜಾಹೀರಾತು ಇಬ್ಬರೂ ಕೊಡ್ತಾರೆ. ಜೊತೆಗೆ ಮಾಲೀಕರಿಗೆ ಬೇರೆ ವ್ಯಾಪಾರಗಳಿದ್ರೆ ಸರ್ಕಾರದ ಜೊತೆ ಜಗಳ ಇನ್ನೂ ದುಬಾರಿ.

ಇದನ್ನು ಅಳೆಯೋಕೆ ಒಂದು ಸುಲಭ ದಾರಿ ಇದೆ. ಸುದ್ದಿಯಲ್ಲಿ ಪಕ್ಷಗಳ ಹೆಸರು ಅದಲುಬದಲು ಮಾಡಿ ನೋಡೋಣ. ಆಗಲೂ ಆ್ಯಂಕರ್ ಅದೇ ಪ್ರಶ್ನೆ, ಅದೇ ದನಿಯಲ್ಲಿ ಕೇಳ್ತಿದ್ರಾ? ಆಗಲೂ ನಾವು ಆ ಕ್ಲಿಪ್ಪನ್ನು ಹಾಸ್ಟೆಲ್ ಗ್ರೂಪಿಗೆ ಫಾರ್ವರ್ಡ್ ಮಾಡ್ತಿದ್ವಾ? ಎರಡನೇ ಪ್ರಶ್ನೆ ಹೆಚ್ಚು ಕಷ್ಟದ್ದು. ಜೂನ್‌ನಲ್ಲಿ ಎಕ್ಸಿಟ್ ಪೋಲ್ ಬೈದವರು ಅಕ್ಟೋಬರ್‌ನಲ್ಲಿ ಅದನ್ನೇ ನಂಬಿದ್ರೆ, ದೋಷ ಇರೋದು ಟಿವಿಯಲ್ಲಿ ಮಾತ್ರ ಅಲ್ಲ.

2028ರ ವಿಧಾನಸಭೆ ಚುನಾವಣೆ ನಮ್ಮಲ್ಲಿ ಬಹಳ ಜನಕ್ಕೆ ಮೊದಲನೇ ಅಸೆಂಬ್ಲಿ ವೋಟು. ಅಷ್ಟರೊಳಗೆ ನಾವು ಬೈಯೋ ಚಾನೆಲ್‌ಗೆ ಹಾಕೋ ಅಳತೆಗೋಲನ್ನೇ ನಾವು ಮೆಚ್ಚೋ ಚಾನೆಲ್‌ಗೂ ಹಾಕೋದು ಕಲಿಯೋಣ.