ಮೋಲಿಯ ಇಷ್ಟವೇನೆಂದು ಕೇಳಿದವರಾರು?

ಐರ್ಲೆಂಡಿನ ಬ್ರಯನ್ ಫ್ರೀಲ್ ಬರೆದ ‘ಮೋಲಿ ಸ್ವೀನಿ’ ನಾಟಕದಲ್ಲಿ ಇರುವುದು ಮೂರೇ ಪಾತ್ರ. ಮೂವರೂ ಮೊದಲಿನಿಂದ ಕೊನೆಯವರೆಗೆ ರಂಗದ ಮೇಲೆಯೇ ಇರುತ್ತಾರೆ. ಆದರೆ ಒಬ್ಬರೊಂದಿಗೊಬ್ಬರು ಒಂದು ಮಾತನ್ನೂ ಆಡುವುದಿಲ್ಲ. ಸರದಿ ಬಂದಾಗ ನಮ್ಮ ಕಡೆ ತಿರುಗಿ ತಮ್ಮ ತಮ್ಮ ಕಥೆ ಹೇಳುತ್ತಾರೆ, ಅಷ್ಟೆ. 1994ರಲ್ಲಿ ಡಬ್ಲಿನ್ನಿನ ಗೇಟ್ ಥಿಯೇಟರಿನಲ್ಲಿ ಫ್ರೀಲ್ ತಾವೇ ನಿರ್ದೇಶಿಸಿ ರಂಗಕ್ಕೆ ತಂದ ನಾಟಕ ಇದು. ರಂಗಭೂಮಿಗೆ ಮೀಸಲಾದ ಈ ಸಂಚಿಕೆಗೆ ಮುನ್ನುಡಿಯಾಗಿ ಅದೊಂದರ ಬಗ್ಗೆಯೇ ಬರೆಯಬೇಕೆನಿಸಿದೆ. ಕಣ್ಣು ಬರುವುದನ್ನು ಕುರಿತ ನಾಟಕಗಳಲ್ಲಿ ಇಷ್ಟು ಕರುಣೆಯಿಂದ, ಇಷ್ಟು ಕಟುವಾಗಿ ಬರೆದದ್ದು ಇನ್ನೊಂದನ್ನು ನಾನು ಓದಿಲ್ಲ.

ಮೋಲಿಗೆ ನಲವತ್ತೊಂದು ವರ್ಷ. ಹತ್ತು ತಿಂಗಳ ಮಗುವಾಗಿದ್ದಾಗಲೇ ಕಣ್ಣು ಹೋಗಿದೆ. ಬೆಳಕು ಕತ್ತಲೆಗಳ ವ್ಯತ್ಯಾಸ ತಿಳಿಯುತ್ತದೆ, ಅದರಾಚೆಗೆ ಏನೂ ಇಲ್ಲ. ಡೊನೆಗಾಲ್ ಸೀಮೆಯ ಬ್ಯಾಲಿಬೆಗ್ ಎಂಬ ಊರಿನಲ್ಲಿ ಅಂಗಮರ್ದನದ ಕೆಲಸ ಮಾಡಿಕೊಂಡು ತನ್ನ ಕಾಲ ಮೇಲೆ ತಾನು ನಿಂತ ಹೆಂಗಸು. (ಆ ಊರು ಭೂಪಟದಲ್ಲಿಲ್ಲ, ಫ್ರೀಲ್ ತಮ್ಮ ನಾಟಕಗಳಿಗಾಗಿ ಕಟ್ಟಿಕೊಂಡದ್ದು.) ಅಪ್ಪ ಚಿಕ್ಕಂದಿನಲ್ಲಿ ತೋಟಕ್ಕೆ ಕರೆದೊಯ್ದು, ಮುಟ್ಟಿಸಿ, ಮೂಸಿಸಿ, ಒಂದೊಂದು ಹೂವಿನ ಹೆಸರನ್ನೂ ಬಾಯಿಪಾಠ ಮಾಡಿಸಿದ್ದಾನೆ. ಅವಳಿಗೆ ಈಜೆಂದರೆ ಪ್ರಾಣ. ನೀರು ಮೈತುಂಬ ಕೊಡುವ ಆ ಸುಖ ಕಣ್ಣಿದ್ದವರಿಗೆ ಪೂರ್ತಿ ಸಿಕ್ಕೀತೇ ಎಂದು ಅವರ ಮೇಲೆ ಮರುಕವೂ ಇದೆ. ಫ್ರೀಲ್ ಇದನ್ನೆಲ್ಲ ಆರಂಭದಲ್ಲಿಯೇ ಸಾವಧಾನವಾಗಿ ಕಟ್ಟುತ್ತಾರೆ. ಮೋಲಿಯ ಲೋಕ ತುಂಬಿದ ಲೋಕವೆಂದು ನಮಗೆ ಮನವರಿಕೆಯಾದ ಮೇಲೆಯೇ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ.

ಆ ಮಾತು ತರುವವರು ಇಬ್ಬರು. ಗಂಡ ಫ್ರ್ಯಾಂಕ್, ಒಳ್ಳೆಯವನು, ಆದರೆ ಒಂದರ ಮೇಲೊಂದು ಹುಚ್ಚು ಹಚ್ಚಿಕೊಳ್ಳುವವನು. ಹಿಂದೆ ಇರಾನಿನಿಂದ ಆಡುಗಳನ್ನು ತರಿಸಿ ಸಾಕಿದ್ದ. ಅವು ಐರ್ಲೆಂಡಿನಲ್ಲಿದ್ದೂ ಇರಾನಿನ ಹೊತ್ತಿಗೇ ಏಳುತ್ತಿದ್ದವು, ಮಲಗುತ್ತಿದ್ದವು. ಇನ್ನೊಬ್ಬರು ಡಾಕ್ಟರ್ ರೈಸ್. ಒಂದು ಕಾಲದಲ್ಲಿ ಜಗತ್ತೇ ಮೆಚ್ಚಿದ ನೇತ್ರತಜ್ಞ, ಈಗ ಹೆಂಡತಿ ಸಹೋದ್ಯೋಗಿಯೊಂದಿಗೆ ಹೊರಟುಹೋದ ಆಘಾತದಲ್ಲಿ ಕುಡಿತಕ್ಕೆ ಬಿದ್ದು ಸಣ್ಣ ಊರಿನ ಆಸ್ಪತ್ರೆಗೆ ಬಂದು ಸೇರಿದ್ದಾರೆ. ಫ್ರ್ಯಾಂಕ್‌ಗೆ ಮೋಲಿಯ ಕಣ್ಣು ಹೊಸದೊಂದು ಸಾಹಸ, ರೈಸ್‌ಗೆ ಕಳೆದ ಕೀರ್ತಿ ಮರಳಿ ಪಡೆಯುವ ದಾರಿ. ಅವಳು ಕಳೆದುಕೊಳ್ಳುವುದಾದರೂ ಏನಿದೆ ಎಂಬ ಪ್ರಶ್ನೆ ಇಬ್ಬರ ಬಾಯಲ್ಲೂ ಬರುತ್ತದೆ. ಉತ್ತರ ಗೊತ್ತಿರುವ ಒಬ್ಬಳೇ ಒಬ್ಬಳು ಅಲ್ಲೇ ಕೂತಿದ್ದಾಳೆ, ಅವಳನ್ನು ಮಾತ್ರ ಯಾರೂ ಕೇಳುವುದಿಲ್ಲ. ಮೋಲಿ ಒಪ್ಪುತ್ತಾಳೆ ನಿಜ. ಗಂಡನ ಉತ್ಸಾಹಕ್ಕೆ, ಡಾಕ್ಟರರ ಆಸೆಗೆ ಒಪ್ಪುತ್ತಾಳೆ.

ಶಸ್ತ್ರಚಿಕಿತ್ಸೆಯ ಹಿಂದಿನ ರಾತ್ರಿ ಮನೆಯಲ್ಲಿ ಗೆಳೆಯರೆಲ್ಲ ಸೇರಿದ್ದಾರೆ. ಹಾಡು, ಕುಡಿತ, ನಗು. ನಡುವೆ ಇದ್ದಕ್ಕಿದ್ದಂತೆ ಅವಳ ಎದೆಯಲ್ಲಿ ಭಯ ಹುಟ್ಟುತ್ತದೆ: ಇದು ತನ್ನ ಆಯ್ಕೆಯಲ್ಲ, ತನ್ನನ್ನು ಬಳಸಿಕೊಳ್ಳುತ್ತಿದ್ದಾರೆ. ಆಗ ಅವಳು ಪಿಟೀಲು ನುಡಿಸುವವನಿಗೆ ಹೇಳಿ ಕುಣಿತದ ಮಟ್ಟೊಂದನ್ನು ನುಡಿಸುವಂತೆ ಮಾಡಿ, ಜನ ಕಿಕ್ಕಿರಿದ ಆ ಮನೆಯಲ್ಲಿ ರೋಷದಿಂದ ಕುಣಿಯುತ್ತಾಳೆ. ಒಂದು ಕುರ್ಚಿಗೂ ತಾಗದೆ, ಒಬ್ಬರ ಮೈಗೂ ಡಿಕ್ಕಿಯಾಗದೆ, ಬಾಗಿಲು ದಾಟಿ ಹೊರಗೆ ಹೋಗಿ, ಮತ್ತೆ ಒಳಗೆ ಬಂದು ಕುಣಿಯುತ್ತಾಳೆ. ಕಣ್ಣಿದ್ದ ಯಾರಿಂದಲೂ ಆ ರಭಸದಲ್ಲಿ ಅದು ಸಾಧ್ಯವಿರಲಿಲ್ಲ. ಈ ಪ್ರಸಂಗ ರಂಗದ ಮೇಲೆ ನಡೆಯುವುದಿಲ್ಲ, ಮೋಲಿ ಅದನ್ನು ಬರೀ ಮಾತಿನಲ್ಲಿ ಹೇಳುತ್ತಾಳೆ. ಪ್ರೇಕ್ಷಕರೂ ಕಣ್ಣಿನ ನೆರವಿಲ್ಲದೆ ಅದನ್ನು ಕಾಣಬೇಕು. ನಾಟಕಕಾರನ ಕಸುಬು ಎಂದರೆ ಇದು.

ಕಣ್ಣು ಬರುತ್ತದೆ. ಬಣ್ಣ, ಹೊಳಪು, ಚಲನೆ ಎಲ್ಲವೂ ಕಾಣುತ್ತವೆ, ಆದರೆ ಅದು ಏನೆಂದು ತಿಳಿಯುವುದಿಲ್ಲ. ಬೆರಳಿಗೆ ಗೊತ್ತಿದ್ದ ಹೂವು ಕಣ್ಣಿಗೆ ಅಪರಿಚಿತ. ನೋಡುವುದು ದಣಿವಾಗುತ್ತದೆ, ದಣಿವು ಭಯವಾಗುತ್ತದೆ. ಕೊನೆಗೆ ಒಂದೊಮ್ಮೆ ತಾಯಿ ಇದ್ದ ಮಾನಸಿಕ ಆಸ್ಪತ್ರೆಯಲ್ಲಿಯೇ ಮೋಲಿ ಮಲಗಿದ್ದಾಳೆ. ಅವಳೀಗ ಕಾಣುವವಳೂ ಅಲ್ಲ, ಹಿಂದಿನಂತೆ ಕುರುಡಿಯೂ ಅಲ್ಲ. ಫ್ರ್ಯಾಂಕ್ ಅಷ್ಟರಲ್ಲಿ ಇಥಿಯೋಪಿಯಾಕ್ಕೆ ಹೊರಟುಹೋಗಿದ್ದಾನೆ.

ಇದು ಬರೀ ಕಲ್ಪನೆಯಲ್ಲ. ನರವೈದ್ಯ ಆಲಿವರ್ ಸ್ಯಾಕ್ಸ್ 1993ರಲ್ಲಿ ಬರೆದ ಒಬ್ಬ ರೋಗಿಯ ವೃತ್ತಾಂತಕ್ಕೆ ಫ್ರೀಲ್ ತಮ್ಮ ಋಣವನ್ನು ಒಪ್ಪಿಕೊಂಡಿದ್ದಾರೆ. ಅದಕ್ಕೂ ಮೊದಲು ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞ ರಿಚರ್ಡ್ ಗ್ರೆಗರಿ, ಜೀನ್ ವ್ಯಾಲೇಸ್ ಜೊತೆಗೂಡಿ 1963ರಲ್ಲಿ ಪ್ರಕಟಿಸಿದ ಎಸ್. ಬಿ. ಎಂಬ ಚಮ್ಮಾರನ ಅಧ್ಯಯನವಿದೆ. ಐವತ್ತೆರಡನೆಯ ವಯಸ್ಸಿನಲ್ಲಿ ಕಾರ್ನಿಯಾ ಕಸಿಯಿಂದ ಅವನಿಗೆ ಕಣ್ಣು ಬಂತು. ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿ ಲೇತ್ ಯಂತ್ರದ ಮುಂದೆ ನಿಲ್ಲಿಸಿದರೆ ಅವನಿಗೆ ಏನೂ ಅರ್ಥವಾಗಲಿಲ್ಲ. ಕಣ್ಣು ಮುಚ್ಚಿ, ಅದನ್ನು ಉದ್ದಕ್ಕೂ ಕೈಯಾಡಿಸಿ ನೋಡಿ, ಹಿಂದೆ ಸರಿದು ಕಣ್ಣು ತೆರೆದ. ಮುಟ್ಟಿದ್ದಾಯಿತು, ಈಗ ಕಾಣುತ್ತಿದೆ ಎಂದ. ಕುರುಡನಾಗಿದ್ದಾಗ ಧೈರ್ಯದಿಂದ ರಸ್ತೆ ದಾಟುತ್ತಿದ್ದವನು ಈಗ ಹೆದರಿ ನಡುಗತೊಡಗಿದ. ಸಂಜೆಯಾದರೆ ದೀಪ ಹಚ್ಚದೆ ಕತ್ತಲೆಯಲ್ಲಿ ಕೂರುತ್ತಿದ್ದ. 1960ರಲ್ಲಿ, ಖಿನ್ನತೆಯಲ್ಲಿ ಬಳಲುತ್ತಿದ್ದಾಗಲೇ ತೀರಿಕೊಂಡ.

ಮೂಲ ಪ್ರಶ್ನೆ ಡಬ್ಲಿನ್ನಿನದೇ. ಆ ಊರಿನ ವಿಲಿಯಂ ಮಾಲಿನೋ 1688ರಲ್ಲಿ ಜಾನ್ ಲಾಕ್‌ಗೆ ಬರೆದು ಕೇಳಿದ್ದ: ಗೋಳ ಯಾವುದು, ಘನ ಯಾವುದು ಎಂದು ಮುಟ್ಟಿ ತಿಳಿದಿದ್ದ ಹುಟ್ಟುಕುರುಡನಿಗೆ ಕಣ್ಣು ಬಂದರೆ, ಮುಟ್ಟದೆ ಬರೀ ನೋಡಿ ಗುರುತಿಸಬಲ್ಲನೆ? ಮಾಲಿನೋನ ಹೆಂಡತಿಗೆ ಕಣ್ಣು ಕಾಣುತ್ತಿರಲಿಲ್ಲ. ತತ್ವಶಾಸ್ತ್ರದ ಪುಸ್ತಕಗಳಲ್ಲಿ ಒಣಗಿಹೋದ ಈ ಪ್ರಶ್ನೆ ಒಂದು ಮನೆಯೊಳಗಿನಿಂದ ಎದ್ದದ್ದು ಎನ್ನುವುದು ನನ್ನನ್ನು ಬಹಳ ತಟ್ಟಿದ ಸಂಗತಿ. ಉತ್ತರಕ್ಕೆ ನೆರವಾದವರು ನಮ್ಮ ದೇಶದ ಮಕ್ಕಳು. ಪವನ್ ಸಿನ್ಹಾ ಅವರ ‘ಪ್ರಾಜೆಕ್ಟ್ ಪ್ರಕಾಶ್’ ಮೂಲಕ ದೃಷ್ಟಿ ಪಡೆದ ಐವರನ್ನು ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದ ಫಲಿತಾಂಶ ಹೇಳುವುದಿಷ್ಟು: ಕಣ್ಣು ಬಂದ ತಕ್ಷಣ ಅವರಿಗೆ ಗುರುತಿಸಲಾಗಲಿಲ್ಲ, ಆದರೆ ಕೆಲವು ದಿನಗಳಲ್ಲಿಯೇ ಕಲಿತರು.

ಹಾಗಾಗಿ ಈ ನಾಟಕವನ್ನು ಚಿಕಿತ್ಸೆಯ ವಿರುದ್ಧದ ವಾದವಾಗಿ ಓದಬಾರದು. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿ ಊರೂರು ಸುತ್ತಿ ಶಿಬಿರ ನಡೆಸಿ ಎಷ್ಟು ಅಜ್ಜ ಅಜ್ಜಿಯರ ಪೊರೆ ತೆಗೆದರು! ಅವರು ಮರಳಿ ಪಡೆದದ್ದು ತಾವು ಒಂದು ಕಾಲಕ್ಕೆ ಕಂಡಿದ್ದ ಲೋಕವನ್ನೇ. ಮೋಲಿಗೆ ಮರಳಿ ಪಡೆಯುವುದಕ್ಕೆ ಅಂಥ ಲೋಕವಿರಲಿಲ್ಲ. ಅವಳು ಹೊಸದೊಂದಕ್ಕೆ ವಲಸೆ ಹೋಗಬೇಕಿತ್ತು, ಹೋಗುವುದಕ್ಕೆ ಇದ್ದ ಮನೆಯನ್ನು ಬಿಡಬೇಕಿತ್ತು. ಆ ದಾರಿಯಲ್ಲಿ ಜೊತೆಗಿರಬೇಕಾದ ಇಬ್ಬರ ಕಣ್ಣೂ ಬೇರೆಲ್ಲೋ ಇತ್ತು.

ಫ್ರೀಲ್‌ಗೆ ಮೊದಲೇ ಐರ್ಲೆಂಡಿನ ರಂಗಭೂಮಿ ಈ ವಸ್ತುವನ್ನು ಕೈಗೆತ್ತಿಕೊಂಡಿತ್ತು. 1905ರಲ್ಲಿ ಆ್ಯಬಿ ಥಿಯೇಟರಿನಲ್ಲಿ ಆಡಿದ ಸಿಂಜ್‌ನ ‘ದಿ ವೆಲ್ ಆಫ್ ದಿ ಸೇಂಟ್ಸ್’ನಲ್ಲಿ ದಾರಿಬದಿಯ ಕುರುಡ ಭಿಕ್ಷುಕ ದಂಪತಿ ತಾವಿಬ್ಬರೂ ಚೆಲುವರೆಂದು ನಂಬಿರುತ್ತಾರೆ. ಸಂತನ ಪವಿತ್ರ ಜಲದಿಂದ ಕಣ್ಣು ಬಂದು ಒಬ್ಬರನ್ನೊಬ್ಬರು ನೋಡಿ ಹೌಹಾರುತ್ತಾರೆ. ದೃಷ್ಟಿ ಮತ್ತೆ ಮಸುಕಾಗಿ ಸಂತ ಎರಡನೆಯ ಸಲ ಬಂದಾಗ, ಗಂಡ ಆ ನೀರನ್ನು ಕೈಯಿಂದ ಹೊಡೆದು ಚೆಲ್ಲಿಬಿಡುತ್ತಾನೆ. ನಮಗೆ ಕೂಡಲೇ ಭೀಷ್ಮಪರ್ವ ನೆನಪಾಗುತ್ತದೆ: ಯುದ್ಧ ನೋಡಲು ಕಣ್ಣು ಕೊಡುತ್ತೇನೆಂದ ವ್ಯಾಸರಿಗೆ ಧೃತರಾಷ್ಟ್ರ ಬೇಡವೆನ್ನುತ್ತಾನೆ. ಇಬ್ಬರ ಕಾರಣಗಳೂ ಬೇರೆ ಬೇರೆ. ಆದರೂ ಬೇಡವೆನ್ನುವ ಅವಕಾಶ ದೊರೆಗೂ ಇತ್ತು, ಭಿಕ್ಷುಕನಿಗೂ ಇತ್ತು. ಆಧುನಿಕ ಆಸ್ಪತ್ರೆಯ, ಪ್ರೀತಿಸುವ ಗಂಡನ ನಡುವೆ ಮೋಲಿಗೆ ಅದೊಂದು ಸಿಗಲಿಲ್ಲ.

ಕನ್ನಡ ತಂಡಗಳು ಈ ನಾಟಕವನ್ನು ಎತ್ತಿಕೊಳ್ಳಲಿ ಎಂಬುದು ನನ್ನ ಆಸೆ. ಹಸುಗೂಸಾಗಿದ್ದಾಗಲೇ ಕಣ್ಣು ಕಳೆದುಕೊಂಡ ಪುಟ್ಟರಾಜ ಗವಾಯಿಗಳು ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ನಡೆಸಿದ ನಾಡು ಇದು. ಆ ಆಶ್ರಮದ ಅನ್ನಕ್ಕಾಗಿ ನಾಟಕ ಮಂಡಳಿ ಕಟ್ಟಿ ಊರೂರು ತಿರುಗಿದವರು ಅವರು. ಆ ಲೋಕ ಎಷ್ಟು ತುಂಬಿದ್ದು ಎಂದು ಕಿವಿಯಾರೆ ಕೇಳಿದ ಪ್ರೇಕ್ಷಕರು ನಮ್ಮಲ್ಲಿದ್ದಾರೆ. ಮೋಲಿಯ ಪಾತ್ರಕ್ಕೆ ಕಣ್ಣು ಕಾಣದ ನಟಿಯನ್ನೇ ಹುಡುಕುವ ನಿರ್ದೇಶಕರಿದ್ದರೆ ಇನ್ನೂ ಸಂತೋಷ. ಹಾಗಲ್ಲದೆ ಕಣ್ಣಿರುವ ನಟಿಯೇ ಮಾಡುವುದಾದರೆ, ಕೈ ಚಾಚಿ ತಡಕಾಡುವ ನಮ್ಮ ಹಳೆಯ ಅಭಿನಯ ರೂಢಿಯನ್ನು ತಾಲೀಮಿನ ಮೊದಲ ದಿನವೇ ಬಿಡಬೇಕಾಗುತ್ತದೆ. ಫ್ರೀಲ್ ರಂಗಸೂಚನೆಯಲ್ಲಿ ಸ್ಪಷ್ಟವಾಗಿ ಹೇಳಿದ್ದಾರೆ: ಕೋಲು ಬೇಡ, ಕಪ್ಪು ಕನ್ನಡಕ ಬೇಡ, ತಡವರಿಕೆ ಬೇಡ.